ಕಲ್ಲುಪಣೆ ಮೆಷಿನ್ನಿನ ಸೀಲಿಗೆ ಪೇಟೆಂಟ್ ಪಡೆದ ಅನುಭವ

ನಮ್ಮ ವರ್ಕ್‌ಶಾಪಿನಲ್ಲಿ ಹುಟ್ಟಿದ ಒಂದು ಬೇರಿಂಗ್ ಸೀಲಿಗೆ, ಅಂದರೆ ತಿರುಗುವ ಶಾಫ್ಟನ್ನು ಹೊರುವ ಬೇರಿಂಗಿನೊಳಗೆ ಹುಡಿ ಹೋಗದಂತೆ ತಡೆಯುವ ಬಳೆಗೆ, ಪೇಟೆಂಟ್ ಮಂಜೂರಾಗಿದೆ. ಸುದ್ದಿ ಹರಡಿದ ಮೇಲೆ ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಉಪ್ಪಳ, ಮುಳ್ಳೇರಿಯಾ ಕಡೆಯ ಲೇತ್‌ನವರು, ವೆಲ್ಡಿಂಗ್‌ನವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಪೇಟೆಂಟ್ ಕಚೇರಿಗೆ ಅಂತ ಚೆನ್ನೈಗೆ ಎಷ್ಟು ಸಲ ಹೋಗಬೇಕು? ಲಕ್ಷಗಟ್ಟಲೆ ಬೇಕಾ? ಇಂಜಿನಿಯರಿಂಗ್ ಓದದವರಿಗೂ ಕೊಡ್ತಾರಾ? ಒಬ್ಬೊಬ್ಬರಿಗೆ ಹೇಳುವಾಗ ಏನಾದರೊಂದು ಬಿಟ್ಟು ಹೋಗುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ಬದಿಯಡ್ಕದ ಹತ್ತಿರ ನಮ್ಮ ಲೇತ್ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತೇನೆ. ಗೇಟು, ಗ್ರಿಲ್ಲು, ಪಂಪ್ ಶಾಫ್ಟ್ ಎಲ್ಲ ಬರುತ್ತದೆ. ಆದರೆ ನಮಗೆ ಅನ್ನ ಹಾಕುವುದು ಕೆಂಪುಕಲ್ಲಿನ ಪಣೆಗಳ, ಅಂದರೆ ಕಲ್ಲುಕೋರೆಗಳ ಕೆಲಸ. ಪಣೆಯಲ್ಲಿ ಹಳಿ ಹಾಸಿ, ಅದರ ಮೇಲೆ ಮೋಟಾರು ಮತ್ತು ದೊಡ್ಡ ಬ್ಲೇಡು ಇರುವ ಕಲ್ಲು ಕೊಯ್ಯುವ ಮೆಷಿನ್ ಓಡಿಸುತ್ತಾರೆ. ನೆಲದಿಂದ ಕಡಿಯುವಾಗ ಕೆಂಪುಕಲ್ಲು ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದರ ಹುಡಿ ಮಾತ್ರ ಯಾವಾಗಲೂ ಕೆಟ್ಟದ್ದೇ. ಕಬ್ಬಿಣದ ಅಂಶ ಇರುವ ಸಣ್ಣ ಹುಡಿ, ನೀರು ತಾಗಿದರೆ ಅರೆದ ಮಸಾಲೆಯ ಹಾಗೆ ಅಂಟಿಕೊಳ್ಳುತ್ತದೆ. ಬ್ಲೇಡಿನ ಪಕ್ಕದ ಬೇರಿಂಗಿಗೆ ಅದು ನುಗ್ಗಿತೆಂದರೆ ಮುಗಿಯಿತು. ರಬ್ಬರ್ ಸೀಲಿನ ತುಟಿಯನ್ನೇ ತಿಂದು ಹಾಕುತ್ತದೆ. ಸೀಲು ಬದಲಿಸಲು ಬ್ಲೇಡು ಬಿಚ್ಚಬೇಕು, ಶಾಫ್ಟ್ ಎಳೆಯಬೇಕು. ಅಷ್ಟು ಹೊತ್ತು ಪಣೆಯಲ್ಲಿ ಎಲ್ಲರೂ ಕೈಕಟ್ಟಿ ಕೂರಬೇಕು.

ಇದಕ್ಕೆ ನಾವು ಮಾಡಿದ್ದು ಎರಡು ಹೋಳಾಗಿ ಬಿಚ್ಚಿ ಬರುವ ಒಂದು ಲೋಹದ ಬಳೆ. ಶಾಫ್ಟ್ ಎಳೆಯದೆ ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಒಳಗೆ ಸುತ್ತಲೂ ಕೊರೆದ ಸಣ್ಣ ಕಾಲುವೆಗಳಿವೆ, ಮೇಲಿಂದ ಗ್ರೀಸ್ ಒತ್ತಿದರೆ ಒಳಬಂದ ಹುಡಿಯನ್ನು ಹೊರಗೆ ದೂಡುತ್ತದೆ. ಇಷ್ಟು ನನ್ನ ಯೋಚನೆ. ಆದರೆ ಮೊದಲು ಮಾಡಿದ ಬಳೆಯಲ್ಲಿ ಬೇರಿಂಗ್ ಬಿಸಿಯಾಗುತ್ತಿತ್ತು. ಗ್ರೀಸ್ ಜಾಸ್ತಿಯಾದರೂ ಬೇರಿಂಗ್ ಬಿಸಿಯಾಗುತ್ತದೆ, ಅದು ಈ ಕೆಲಸದವರಿಗೆಲ್ಲ ಗೊತ್ತು. ಅಪ್ಪನ ಕಾಲದಿಂದ ನಮ್ಮಲ್ಲಿರುವ ಟರ್ನರ್ (ಲೇತ್ ಕೆಲಸದವರು), ನಾನು ಮಾವ ಅಂತ ಕರೆಯುವವರು, ಬಳೆಯನ್ನು ಕೈಯಲ್ಲಿ ತಿರುಗಿಸುತ್ತಾ ಹೇಳಿದರು: "ಮಗಾ, ಗ್ರೀಸ್ ಒಳಗೆ ಹೋಗುವುದು ದೊಡ್ಡದಲ್ಲ. ಹೊರಗೆ ಎಲ್ಲಿಂದ ಬರ್ತದೆ, ಅದು ನೋಡು."

ಮಾವ ಎರಡು ಹೋಳು ಕೂಡುವ ಮುಖದಲ್ಲೇ ಮೊದಲು ನೇರ ದಾರಿ ಕೊರೆದು ನೋಡಿದರು, ಅದು ಸುಟ್ಟ ಮೇಲೆ ಓರೆಯಾಗಿ ಸಣ್ಣ ದಾರಿಗಳನ್ನು ಕೊರೆದರು. ಶಾಫ್ಟ್ ತಿರುಗುವ ದಿಕ್ಕಿಗೆ ಸರಿಯಾಗಿ ಓರೆ. ಶಾಫ್ಟ್ ತಿರುಗಿದಾಗ ಹಳೆ ಗ್ರೀಸನ್ನು ಅದೇ ಎಳೆದು ಕೆಳಗಿನ ಒಂದು ಸೀಳಿನಿಂದ ಹೊರಗೆ ಹಾಕುತ್ತದೆ, ಬೇರಿಂಗಿನ ಕಡೆಗೆ ಹೋಗಲು ಬಿಡುವುದಿಲ್ಲ. ಶಾಫ್ಟ್ ನಿಂತಾಗ ಅಲ್ಲಿ ನಿಂತ ಗ್ರೀಸೇ ಬಾಗಿಲು ಮುಚ್ಚುತ್ತದೆ. 2023ರ ಮಳೆಗಾಲದಲ್ಲಿ ಒಂದು ಪಣೆಯ ಮೆಷಿನ್ನಿಗೆ ಹಾಕಿ ನೋಡಿದೆವು. ಮಳೆ ಮುಗಿದ ಮೇಲೆ ಬಿಚ್ಚಿದಾಗ ಬೇರಿಂಗಿನ ಗ್ರೀಸ್ ಇನ್ನೂ ಹಳದಿಯಾಗಿಯೇ ಇತ್ತು. ಪಣೆಯ ಧಣಿಗಳು ಅದನ್ನು ಬೆರಳಲ್ಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿದರು. ಪೇಟೆಂಟ್ ಮಾಡಿಸಬೇಕು ಅಂತ ಆಗಲೇ ನಿಶ್ಚಯ ಮಾಡಿದ್ದು.

ಇಲ್ಲೊಂದು ಮಾತು. ಅರ್ಜಿ ಹಾಕುವ ಮೊದಲು ಊರಿಗೆಲ್ಲ ತೋರಿಸಿದರೆ ಹೊಸತನ ಹೋಗುತ್ತದೆ, ಆಮೇಲೆ ಪೇಟೆಂಟ್ ಸಿಗುವುದು ಕಷ್ಟ. ಹಾಗಾದರೆ ಪರೀಕ್ಷೆ ಮಾಡುವುದು ಹೇಗೆ? ನಮ್ಮಂಥವರಿಗೆ ಪಣೆಯೇ ಪ್ರಯೋಗಶಾಲೆ ಅಲ್ವಾ? ಪೇಟೆಂಟ್ ಕಾನೂನಿನ ಸೆಕ್ಷನ್ 32ರಲ್ಲಿ ಇದಕ್ಕೆ ದಾರಿ ಇದೆ. ಅರ್ಜಿಗೆ ಹಿಂದಿನ ಒಂದು ವರ್ಷದೊಳಗೆ, ಬರೀ ಪರೀಕ್ಷೆಗೆ ಅಂತ, ಬಯಲಲ್ಲಿ ಮಾಡದೆ ಬೇರೆ ದಾರಿ ಇಲ್ಲದ ಕಡೆ ಓಡಿಸಿ ನೋಡಿದರೆ ಹೊಸತನ ಹೋಗುವುದಿಲ್ಲ. ಆದರೂ ನಾವು ಪಣೆಯವರ ಹತ್ತಿರ ಒಂದು ಕಾಗದ ಬರೆಸಿಕೊಂಡಿದ್ದೆವು: ಇದು ಪರೀಕ್ಷೆ, ಮಾರಾಟ ಅಲ್ಲ, ಯಾರಿಗೂ ತೋರಿಸುವುದಿಲ್ಲ ಅಂತ. ತಾರೀಕು, ಸಹಿ ಎಲ್ಲ ಹಾಕಿ. ಹುಡುಗರು ಮೊಬೈಲಲ್ಲಿ ವಿಡಿಯೋ ಮಾಡಿ ಹಾಕಿಬಿಡುವ ಕಾಲ ಇದು, ಅವರಿಗೂ ಮೊದಲೇ ಹೇಳಿಡಿ.

ನಮ್ಮ ಪರವಾಗಿ ಅರ್ಜಿ ಬರೆದು ಹಾಕುವ ಪೇಟೆಂಟ್ ಏಜೆಂಟರನ್ನು ಹುಡುಕುವುದೇ ಒಂದು ಕೆಲಸವಾಯಿತು. ಮೊದಲು ಸಿಕ್ಕಿದ ಒಬ್ಬರು ಬಳೆಯನ್ನು ಸರಿಯಾಗಿ ನೋಡಲೂ ಇಲ್ಲ. "ಮೂರು ತಿಂಗಳಲ್ಲಿ ಗ್ಯಾರಂಟಿ ಪೇಟೆಂಟ್" ಅಂದರು, ಅರ್ಧ ಹಣ ಮುಂಗಡ ಕೇಳಿದರು. ಪೇಟೆಂಟಿಗೆ ಗ್ಯಾರಂಟಿ ಕೊಡಲು ಯಾರಿಂದಲೂ ಆಗುವುದಿಲ್ಲ, ಪರೀಕ್ಷೆ ಮಾಡಿ ತೀರ್ಮಾನಿಸುವುದು ಪೇಟೆಂಟ್ ಕಚೇರಿ. ಪರೀಕ್ಷೆ ಪಾಸಾಗಿ ನೋಂದಣಿಯಾದ ಪೇಟೆಂಟ್ ಏಜೆಂಟರ ಪಟ್ಟಿ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ. ಅದರಲ್ಲಿ ನೋಡಿ ಮಂಗಳೂರಿನ ಒಬ್ಬರನ್ನು ಹಿಡಿದೆವು. ಮೆಕ್ಯಾನಿಕಲ್ ಓದಿದವರು. ನಾವು ಕೇರಳದವರು, ಅವರು ಕರ್ನಾಟಕದವರು, ತೊಂದರೆ ಆಗುತ್ತದಾ ಅಂತ ಕೇಳಿದೆ. ಏನೂ ಇಲ್ಲ. ಕೇರಳ, ಕರ್ನಾಟಕ, ತಮಿಳುನಾಡು, ಆಂಧ್ರ, ತೆಲಂಗಾಣ ಎಲ್ಲದಕ್ಕೂ ಒಂದೇ ಕಚೇರಿ, ಚೆನ್ನೈಯ ಗಿಂಡಿಯಲ್ಲಿರುವುದು. ಅರ್ಜಿ, ಫೀಸು, ಉತ್ತರ ಎಲ್ಲ ಆನ್‌ಲೈನ್. ಚೆನ್ನೈ ರೈಲು ಹತ್ತಬೇಕಾಗಿ ಬರಲೇ ಇಲ್ಲ.

ಆಮೇಲೆ ಹಳೆ ಪೇಟೆಂಟುಗಳನ್ನು ಹುಡುಕುವ ಕೆಲಸ. ಎಲ್ಲಕ್ಕಿಂತ ಹೆಚ್ಚು ಕುಗ್ಗಿದ್ದು ಆಗಲೇ. ಜಗತ್ತಿನ ಪೇಟೆಂಟುಗಳನ್ನೆಲ್ಲ ವಿಷಯವಾರು ಸಂಕೇತ ಕೊಟ್ಟು ವಿಂಗಡಿಸಿದ್ದಾರೆ. ಸೀಲುಗಳು ಎಫ್16ಜೆ 15ರಲ್ಲಿ, ಬೇರಿಂಗುಗಳು ಎಫ್16ಸಿ ಯಲ್ಲಿ, ಕಲ್ಲು ಕೊಯ್ಯುವ ಮೆಷಿನ್ನುಗಳು ಬಿ28ಡಿ ಯಲ್ಲಿ. ಅಗೆಯುವ ಮೆಷಿನ್ನಿನ ಬಕೆಟು, ಹಲ್ಲು ಇಂಥದ್ದು ಮಾಡುವವರು ಇ02ಎಫ್ ನೋಡಬೇಕು. ಗೂಗಲ್ ಪೇಟೆಂಟ್ಸ್, ಎಸ್ಪಾಸ್‌ನೆಟ್ ಎರಡೂ ಪುಕ್ಕಟೆ. ರಾತ್ರಿ ಕೂತು ನೋಡಿದರೆ ಜಪಾನಿನವರು, ಜರ್ಮನಿಯವರು, ಅಮೆರಿಕದವರು ಎಷ್ಟೋ ವರ್ಷದ ಹಿಂದೆಯೇ ಎರಡು ಹೋಳಿನ ಸೀಲು ಮಾಡಿದ್ದಾರೆ. ಗ್ರೀಸ್ ಒತ್ತಿ ಹುಡಿ ದೂಡುವುದೂ ಇದೆ. ಮರುದಿನ ಮಾವನಿಗೆ ಹೇಳಿದೆ, ಇದು ಆಗುವ ಹಾಗೆ ಕಾಣುವುದಿಲ್ಲ ಅಂತ. ಏಜೆಂಟರು ಒಂದೇ ಪ್ರಶ್ನೆ ಕೇಳಿದರು: "ಕೂಡುವ ಮುಖದಲ್ಲಿ ಓರೆ ದಾರಿ ಎಲ್ಲಾದರೂ ಇದೆಯಾ?" ಎಲ್ಲೂ ಇರಲಿಲ್ಲ. ಹಾಗಾಗಿ ಹಳೆಯದು ಕಂಡ ಕೂಡಲೇ ಕೈಬಿಡಬೇಡಿ. ಪೇಟೆಂಟಿನ ಕೊನೆಯಲ್ಲಿ ಹಕ್ಕು ಕೇಳುವ ಭಾಗ ಇರುತ್ತದೆ, ಕ್ಲೇಮ್ಸ್ ಅಂತ. ಅದನ್ನು ಸಾಲು ಸಾಲಾಗಿ ಓದಿ ನಿಮ್ಮದಕ್ಕೆ ಹೋಲಿಸಿ.

ಅರ್ಜಿಯಲ್ಲಿ ಯಾರ ಹೆಸರು ಹಾಕುವುದು ಅಂತ ಮಾತು ಬಂತು. ಕೂಲಿ ಕೊಟ್ಟಿದ್ದೀರಲ್ಲ, ನಿಮ್ಮದೊಂದೇ ಹೆಸರು ಸಾಕು ಅಂತ ನೆಂಟರೊಬ್ಬರು ಸಲಹೆ ಕೊಟ್ಟರು. ನನಗೆ ಅದು ಒಂದು ಕ್ಷಣವೂ ಒಪ್ಪಿಗೆಯಾಗಲಿಲ್ಲ. ಓರೆ ದಾರಿ ಮಾವನದು. ಕಾನೂನೂ ನಿಜವಾದ ಆವಿಷ್ಕಾರಕರ ಹೆಸರನ್ನೇ ಕೇಳುತ್ತದೆ. ಇಬ್ಬರೂ ಆವಿಷ್ಕಾರಕರು, ಇಬ್ಬರೂ ಅರ್ಜಿದಾರರು ಅಂತ ಹಾಕಿದೆವು. ಮಾವನ ಹೆಸರು ಮಾತ್ರ ನಮ್ಮನ್ನು ಆಟ ಆಡಿಸಿತು. ಕನ್ನಡ ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು ಥರ, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ, ಆಧಾರಿನಲ್ಲಿ ಇನಿಶಿಯಲ್ ಹಿಂದೆ ಮುಂದೆ. ಗಡಿಯ ಊರುಗಳಲ್ಲಿ ಇದು ಮನೆ ಮನೆ ಕಥೆ. ಅರ್ಜಿಯ ಫಾರ್ಮ್ 1, ಏಜೆಂಟರಿಗೆ ಅಧಿಕಾರ ಕೊಡುವ ಫಾರ್ಮ್ 26, ಎರಡರಲ್ಲೂ ಹೆಸರು, ವಿಳಾಸ ಒಂದೇ ಥರ ಇರಬೇಕು. ನಾವು ಆಧಾರನ್ನು ಸರಿಪಡಿಸಿ, ಎಲ್ಲ ಕಡೆ ಅದೇ ಬರೆದೆವು.

ಮೊದಲು ಹಾಕಿದ್ದು ಪ್ರೊವಿಷನಲ್ ಅರ್ಜಿ, ಅಂದರೆ ತಾತ್ಕಾಲಿಕ ಅರ್ಜಿ. ಆನ್‌ಲೈನಿನಲ್ಲಿ ನಮ್ಮಂಥ ಸಾಮಾನ್ಯರಿಗೆ ಫೀಸು 1,600 ರೂಪಾಯಿ. ದೊಡ್ಡ ಕಂಪನಿಗಳಿಗೆ 8,000. ಪ್ರೊವಿಷನಲ್ ಹಾಕಿದ ದಿನ ನಿಮ್ಮ ತಾರೀಕು ಗಟ್ಟಿಯಾಗುತ್ತದೆ. 12 ತಿಂಗಳೊಳಗೆ ಪೂರ್ತಿ ವಿವರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ಬಿದ್ದು ಹೋಗುತ್ತದೆ. ಪ್ರೊವಿಷನಲ್ ಅಂದರೆ ನಾಲ್ಕು ಸಾಲು ಬರೆದರೆ ಸಾಕು ಅಂತ ತುಂಬ ಜನ ಹೇಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದರಲ್ಲಿ ಬರೆದದ್ದಕ್ಕೆ ಮಾತ್ರ ಆ ತಾರೀಕು ಸಿಗುತ್ತದೆ. ಮಾವ ಪ್ರತಿ ಬಳೆಯ ಅಳತೆ, ಓರೆಯ ಡಿಗ್ರಿ, ಬೇರಿಂಗ್ ಎಷ್ಟು ಬಿಸಿಯಾಯಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡುತ್ತಿದ್ದರು. ಎಣ್ಣೆ ಕೈಯ ಗುರುತು ಪುಟಪುಟದಲ್ಲೂ ಇದೆ. ಆ ಪುಸ್ತಕದಲ್ಲಿದ್ದದ್ದೆಲ್ಲ ಮೊದಲ ಅರ್ಜಿಯಲ್ಲೇ ಸೇರಿತು. ಮುಂದೆ ನಮ್ಮನ್ನು ಕಾಪಾಡಿದ್ದು ಅದೇ.

ಪೂರ್ತಿ ವಿವರಣೆ ಬರೆಯಲು ತುಂಬ ಸಮಯ ಹೋಯಿತು. ಅದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲೇ ಇರಬೇಕು. ನಾವು ಕನ್ನಡದಲ್ಲಿ ಹೇಳುವುದು, ಏಜೆಂಟರು ಬರೆಯುವುದು, ಮತ್ತೆ ಕನ್ನಡದಲ್ಲಿ ಓದಿ ಹೇಳುವುದು. ನಾನು ವರ್ಕ್‌ಶಾಪಿನ ಡ್ರಾಯಿಂಗ್ ಕೊಟ್ಟರೆ ಅದರ ಅಳತೆಗಳನ್ನೆಲ್ಲ ತೆಗೆಸಿದರು. ಪೇಟೆಂಟ್ ಚಿತ್ರದಲ್ಲಿ ಭಾಗಗಳಿಗೆ ನಂಬರು ಮಾತ್ರ, ವಿವರಣೆಯ ಮಾತು ಬರೆಯುವಂತಿಲ್ಲ. ಎ4 ಹಾಳೆ, ಮೇಲೆ ಮತ್ತು ಎಡಕ್ಕೆ 4 ಸೆಂಟಿಮೀಟರ್, ಕೆಳಗೆ ಮತ್ತು ಬಲಕ್ಕೆ 3 ಸೆಂಟಿಮೀಟರ್ ಜಾಗ ಬಿಡಬೇಕು. ಸಾರಾಂಶ 150 ಪದ ಮೀರಬಾರದು. 30 ಪುಟ ದಾಟಿದರೆ ಪುಟಕ್ಕೆ 160 ರೂಪಾಯಿ, 10 ಕ್ಲೇಮ್ ದಾಟಿದರೆ ಒಂದೊಂದಕ್ಕೆ 320 ರೂಪಾಯಿ ಹೆಚ್ಚಿಗೆ. ನಾವು ಎರಡನ್ನೂ ದಾಟಲಿಲ್ಲ.

ಮಾವ ಒಂದು ವಿಷಯಕ್ಕೆ ಹಠ ಹಿಡಿದರು. ಓರೆ ಇದೆ ಅಂತ ಬರೆದರೆ ಸಾಲದು, ಓರೆ ಇಲ್ಲದಿದ್ದರೆ ಏನಾಗುತ್ತದೆ, ಹೆಚ್ಚಾದರೆ ಏನಾಗುತ್ತದೆ ಅಂತಲೂ ಬರೆಯಬೇಕು ಅಂತ. ಏಜೆಂಟರು ಖುಷಿಯಿಂದ ಒಂದು ಪುಟ ಪೂರ್ತಿ ಅದಕ್ಕೇ ಇಟ್ಟರು.

ಸುಮ್ನೆ ಬಿಟ್ಟರೆ ಅರ್ಜಿ 18 ತಿಂಗಳ ನಂತರವೇ ಪ್ರಕಟವಾಗುವುದು. ಪೇಟೆಂಟ್ ಕಚೇರಿಯವರು ಅರ್ಜಿಯನ್ನು ಪರೀಕ್ಷೆ ಮಾಡಲು ಬೇರೆಯೇ ಅರ್ಜಿ ಕೊಡಬೇಕು, ಅದು ತಾನಾಗಿ ಶುರುವಾಗುವುದಿಲ್ಲ. ಮೊದಲು ಇದಕ್ಕೆ 48 ತಿಂಗಳ ಗಡುವು ಇತ್ತು, 2024ರ ಮಾರ್ಚಿನಲ್ಲಿ ಬಂದ ಹೊಸ ನಿಯಮದಿಂದ 31 ತಿಂಗಳಾಗಿದೆ. ಹಳೆ ಮಾಹಿತಿ ನಂಬಿ ಕೂತರೆ ಅರ್ಜಿ ಕೈತಪ್ಪುತ್ತದೆ, ನೆನಪಿರಲಿ. ಬೇಗ ಆಗಬೇಕಾದರೆ ಫಾರ್ಮ್ 18ಎ ಇದೆ. ಇದು ಎಲ್ಲರಿಗೂ ಸಿಗುವುದಿಲ್ಲ. ಸ್ಟಾರ್ಟಪ್‌ಗಳು, ಸಣ್ಣ ಉದ್ಯಮಗಳು, ಹಾಗೆಯೇ ಅರ್ಜಿದಾರರಲ್ಲಿ ಒಬ್ಬರಾದರೂ ಮಹಿಳೆ ಇದ್ದರೆ ಸಿಗುತ್ತದೆ. ಮಹಿಳೆಯರಿಗೆ ಈ ಸೌಲಭ್ಯ 2019ರಿಂದ ಇದೆ. ನಮಗೆ ಸಿಕ್ಕಿದ್ದು ನಾನು ಅರ್ಜಿದಾರಳಾದ್ದರಿಂದ. ಗುರುತಿನ ಚೀಟಿಯ ಪ್ರತಿ ಕೊಟ್ಟೆ. ಮನೆಯ ಹೆಂಗಸರು ನಿಜವಾಗಿ ಈ ಕೆಲಸದಲ್ಲಿ ಪಾಲುಗೊಂಡಿದ್ದರೆ ಅವರ ಹೆಸರು ಹಾಕಲು ಹಿಂದೆಮುಂದೆ ನೋಡಬೇಡಿ. ಅದು ಅವರ ಹಕ್ಕು. 18ಎ ಗೆ 8,000 ರೂಪಾಯಿ, ಜೊತೆಗೆ ಬೇಗ ಪ್ರಕಟಿಸಲು ಫಾರ್ಮ್ 9ಕ್ಕೆ 2,500. ಸಾಮಾನ್ಯ ಪರೀಕ್ಷೆಯಾದರೆ ಫಾರ್ಮ್ 18, ಅದಕ್ಕೆ 4,000.

ಪೇಟೆಂಟ್ ಜರ್ನಲ್ ಪ್ರತಿ ಶುಕ್ರವಾರ ಬರುತ್ತದೆ. ನಮ್ಮದು ಬಂದ ಶುಕ್ರವಾರ ಮಾವ ಫೋನಿನಲ್ಲಿ ತಮ್ಮ ಹೆಸರನ್ನು ದೊಡ್ಡದು ಮಾಡಿ ನೋಡುತ್ತಾ ನಿಂತೇ ಇದ್ದರು. ಅದರ ಬೆನ್ನಿಗೇ ಬೇರೆ ಥರದ ಕಾಗದಗಳೂ ಬಂದವು. ಯಾವುದೋ ವಿದೇಶಿ ಹೆಸರು, ಸರ್ಕಾರಿ ಬಿಲ್ಲಿನಂಥ ನಮೂನೆ, ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ನಿಮ್ಮ ಆವಿಷ್ಕಾರ ಸೇರಿಸಲು ಇಷ್ಟು ಡಾಲರ್ ಕಟ್ಟಿ ಅಂತ. ಅದಕ್ಕೆ ಒಂದು ಪೈಸೆಯೂ ಕಟ್ಟಬೇಡಿ. ಏಜೆಂಟರ ಮೂಲಕ ಬಾರದ ಯಾವ ಬಿಲ್ಲನ್ನೂ ನಂಬಬೇಡಿ.

ಆಮೇಲೆ ಬಂತು ಎಫ್‌ಇಆರ್, ಅಂದರೆ ಮೊದಲ ಪರೀಕ್ಷಾ ವರದಿ. ಅದನ್ನು ಓದಿದಾಗ ನನಗೆ ಊಟ ಸೇರಲಿಲ್ಲ. ಒಂದೂ ಒಳ್ಳೆಯ ಮಾತಿಲ್ಲ, ಬರೀ ಆಕ್ಷೇಪ. ಒಂದು ಜಪಾನಿ ದಾಖಲೆಯಲ್ಲಿ ಎರಡು ಹೋಳಿನ ಬಳೆ ಇದೆ, ಒಂದು ಅಮೆರಿಕದ ದಾಖಲೆಯಲ್ಲಿ ಗ್ರೀಸ್ ದೂಡುವುದಿದೆ, ಎರಡನ್ನು ಸೇರಿಸಿದರೆ ನಿಮ್ಮದೇ ಆಗುತ್ತದೆ, ಇದರಲ್ಲಿ ಹೊಸ ಹೆಜ್ಜೆ ಏನು? ಮೇಲಿಂದ ಸೆಕ್ಷನ್ 3(ಎಫ್). ಗೊತ್ತಿರುವ ಸಾಧನಗಳನ್ನು ಬರೀ ಜೋಡಿಸಿದರೆ, ಒಂದೊಂದೂ ತನ್ನ ಪಾಡಿಗೆ ತಾನು ಕೆಲಸ ಮಾಡುವುದಾದರೆ, ಅದು ಆವಿಷ್ಕಾರ ಅಲ್ಲ ಅಂತ ಆ ಸೆಕ್ಷನ್ ಹೇಳುತ್ತದೆ. ನಮ್ಮ ಥರ ಮೆಷಿನ್ ಭಾಗ ಮಾಡುವವರು ಈ ಆಕ್ಷೇಪಕ್ಕೆ ಮೊದಲೇ ತಯಾರಾಗಿರಬೇಕು.

ಏಜೆಂಟರು ನಕ್ಕು ಸಮಾಧಾನ ಹೇಳಿದರು, ಎಫ್‌ಇಆರ್ ಬಂತೆಂದರೆ ಅರ್ಜಿ ಸತ್ತಿತು ಅಂತಲ್ಲ, ಮಾತುಕತೆ ಈಗ ಶುರುವಾಯಿತು ಅಂತ ಅರ್ಥ ಅಂತ. ಉತ್ತರಕ್ಕೆ 6 ತಿಂಗಳು ಸಮಯ ಇದೆ, ಕೇಳಿದರೆ ಇನ್ನೂ 3 ತಿಂಗಳು. ಆದರೆ ಒಂದು ಕಟ್ಟುಪಾಡು ಇದೆ. ಮೊದಲು ಬರೆದ ವಿವರಣೆಯಲ್ಲಿ ಇಲ್ಲದ ಹೊಸ ವಿಷಯವನ್ನು ಈಗ ಸೇರಿಸುವಂತಿಲ್ಲ. ಮಾವ ಹಠ ಹಿಡಿದು ಬರೆಸಿದ ಆ ಪುಟದ ಬೆಲೆ ನನಗೆ ಅಂದು ಗೊತ್ತಾಯಿತು. ಹೋಳು ಮಾಡದಿದ್ದರೆ ಕೂಡುವ ಮುಖವೇ ಇಲ್ಲ, ಓರೆ ದಾರಿ ಕೊರೆಯಲು ಜಾಗವೇ ಇಲ್ಲ. ಓರೆ ದಾರಿ ಇಲ್ಲದಿದ್ದರೆ ಒತ್ತಿದ ಗ್ರೀಸ್ ಬೇರಿಂಗಿಗೆ ಹೋಗಿ ಬಿಸಿ ಮಾಡುತ್ತದೆ. ಒಂದನ್ನು ತೆಗೆದರೆ ಇನ್ನೊಂದು ಕೆಲಸ ಮಾಡುವುದಿಲ್ಲ. ಹಾಗಿರುವಾಗ ಬರೀ ಜೋಡಣೆ ಹೇಗಾಗುತ್ತದೆ? ಇದನ್ನೇ ನೋಟ್‌ಬುಕ್ಕಿನ ಬಿಸಿಯ ಲೆಕ್ಕಗಳೊಂದಿಗೆ ಉತ್ತರವಾಗಿ ಕೊಟ್ಟೆವು. ಮೊದಲ ಕ್ಲೇಮನ್ನು ಕಿರಿದು ಮಾಡಿ ಓರೆ ದಾರಿಯನ್ನೂ ಕೆಳಗಿನ ಸೀಳನ್ನೂ ಅದರೊಳಗೆ ತಂದೆವು. ಹಕ್ಕು ಸ್ವಲ್ಪ ಸಣ್ಣದಾಯಿತು, ಆದರೆ ಗಟ್ಟಿಯಾಯಿತು.

ಕಾಯುವುದು ಕಷ್ಟ. ವೆಬ್‌ಸೈಟಿನಲ್ಲಿ ಅರ್ಜಿಯ ಸ್ಥಿತಿ ನೋಡುವುದು ಬೆಳಗಿನ ಚಹದ ಜೊತೆಗಿನ ಅಭ್ಯಾಸವೇ ಆಗಿತ್ತು. ಕೊನೆಗೆ ವಿಚಾರಣೆಗೆ ನೋಟಿಸು ಬಂತು. ವಿಚಾರಣೆ ವಿಡಿಯೋ ಕಾಲಿನಲ್ಲಿ. ನಮ್ಮಲ್ಲಿ ಮಳೆಗಾಲದಲ್ಲಿ ಗಾಳಿ ಬೀಸಿದರೆ ಕರೆಂಟ್ ಹೋಗುತ್ತದೆ, ನೆಟ್ ಹೋಗುತ್ತದೆ. ಅದಕ್ಕೆ ಹಿಂದಿನ ದಿನವೇ ಮಂಗಳೂರಿಗೆ ಹೋಗಿ ಏಜೆಂಟರ ಆಫೀಸಿನಲ್ಲೇ ಕೂತೆವು. ನೀವೂ ಇದಕ್ಕೊಂದು ವ್ಯವಸ್ಥೆ ಮಾಡಿಕೊಳ್ಳಿ.

ಕಂಟ್ರೋಲರ್, ಅಂದರೆ ಅರ್ಜಿ ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ, ಸೌಮ್ಯವಾಗಿಯೇ ಮಾತಾಡಿದರು, ಪ್ರಶ್ನೆ ಮಾತ್ರ ನೇರ. ಈ ಕೆಲಸ ಬಲ್ಲ ಒಬ್ಬನಿಗೆ ಓರೆ ಕೊರೆಯಬೇಕು ಅಂತ ಸಹಜವಾಗಿ ಹೊಳೆಯುವುದಿಲ್ಲವೇ ಅಂತ. ಏಜೆಂಟರು ಮಾವನ ಕಡೆ ನೋಡಿದರು. ಮಾವ ಚೀಲದಿಂದ ಎರಡು ಬಳೆ ತೆಗೆದರು. ಒಂದು ನೇರ ದಾರಿಯದು, ಇನ್ನೊಂದು ಓರೆಯದು, ಎರಡೂ ಪಣೆಯಲ್ಲಿ ಓಡಿದವು. ನೇರ ದಾರಿಯದ್ದರಲ್ಲಿ ಕೆಂಪು ಹುಡಿ ಗಟ್ಟಿಯಾಗಿ ಕಲ್ಲಿನ ಹಾಗೆ ಕೂತಿತ್ತು, ಒಳಅಂಚು ಸುಟ್ಟು ನೀಲಿಯಾಗಿತ್ತು. ಓರೆಯದ್ದರಲ್ಲಿ ಟೂಲಿನ ಗೆರೆಗಳು ಇನ್ನೂ ಕಾಣುತ್ತಿದ್ದವು. ಕ್ಯಾಮೆರಾಕ್ಕೆ ಹಿಡಿದು ಕನ್ನಡದಲ್ಲೇ ಹೇಳಿದರು: "ಸಾರ್, ನಾನು ಇಷ್ಟು ವರ್ಷ ಲೇತ್ ಕೆಲಸ ಮಾಡಿದವ. ನನಗೇ ಮೊದಲು ಹೊಳೆದದ್ದು ಈ ನೇರ ದಾರಿ. ಅದು ಸುಟ್ಟ ಮೇಲೆ ಇದು ಹೊಳೆದದ್ದು." ಏಜೆಂಟರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಕಂಟ್ರೋಲರ್ ಬಳೆಯನ್ನು ಸ್ವಲ್ಪ ಹತ್ತಿರ ಹಿಡಿಯಲು ಹೇಳಿದರು. ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತಿತ್ತು. ವಿಚಾರಣೆಯಲ್ಲಿ ಹೇಳಿದ್ದನ್ನೆಲ್ಲ 15 ದಿನದೊಳಗೆ ಬರಹದಲ್ಲಿ ಕೊಡಬೇಕು. ಬಾಯಲ್ಲಿ ಹೇಳಿದ್ದಷ್ಟೇ ಸಾಕು ಅಂದುಕೊಳ್ಳಬೇಡಿ. ಕೊಟ್ಟೆವು. ಆಮೇಲೆ ಮಂಜೂರಾತಿ ಬಂತು. ಸರ್ಟಿಫಿಕೇಟನ್ನು ಪ್ರಿಂಟ್ ತೆಗೆದು ಮೊದಲು ಮಾವನ ಮನೆಗೆ ಒಯ್ದೆ. ಅವರ ಹೆಂಡತಿ ಓದಿ ಹೇಳು ಅಂದರು, ಇಬ್ಬರ ಹೆಸರನ್ನೂ ಎರಡೆರಡು ಸಲ ಓದಿಸಿದರು.

ಖರ್ಚಿನ ಮಾತು. ಸರ್ಕಾರಕ್ಕೆ ಮಂಜೂರಾಗುವ ತನಕ ಕಟ್ಟಿದ್ದು 1,600, 2,500, 8,000, ಒಟ್ಟು 12,100 ರೂಪಾಯಿ. ಏಜೆಂಟರ ಫೀಸು ಇದರ ಹಲವು ಪಟ್ಟು. ಅದು ಏಜೆಂಟರಿಂದ ಏಜೆಂಟರಿಗೆ ಬೇರೆ, ಹಾಗಾಗಿ ಬರವಣಿಗೆ, ಎಫ್‌ಇಆರ್ ಉತ್ತರ, ವಿಚಾರಣೆ, ಈ ಮೂರಕ್ಕೂ ಎಷ್ಟೆಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ನಾವು ಕಂತಿನಲ್ಲಿ ಕೊಟ್ಟೆವು. ಬಳೆಯ ಹೊರಗಿನ ಆಕಾರಕ್ಕೆ ಮಾತ್ರ ರಕ್ಷಣೆ ಸಾಕಾದರೆ ಡಿಸೈನ್ ನೋಂದಣಿ ಬೇರೆಯೇ ಇದೆ, ಅದು ಅಗ್ಗ. ಆದರೆ ಅದು ನೋಟಕ್ಕೆ ಮಾತ್ರ, ಕೆಲಸ ಮಾಡುವ ರೀತಿಗೆ ಅಲ್ಲ.

ಪೇಟೆಂಟ್ ಸಿಕ್ಕಿದ ಮೇಲೂ ಕೆಲಸ ಇದೆ. ಅರ್ಜಿಯ ದಿನದಿಂದ 20 ವರ್ಷ ಅದು ನಿಲ್ಲಬೇಕಾದರೆ ಮೂರನೇ ವರ್ಷದಿಂದ ನವೀಕರಣ ಫೀಸು ಕಟ್ಟಬೇಕು. ನಮ್ಮಂಥವರಿಗೆ ಆರನೇ ವರ್ಷದ ತನಕ ವರ್ಷಕ್ಕೆ 800, ಆಮೇಲೆ ಹಂತ ಹಂತವಾಗಿ ಏರಿ ಕೊನೆಗೆ 8,000 ಆಗುತ್ತದೆ. ನಾಲ್ಕು ವರ್ಷದ್ದು ಆನ್‌ಲೈನಿನಲ್ಲಿ ಒಟ್ಟಿಗೆ ಮುಂಗಡ ಕಟ್ಟಿದರೆ 10 ಶೇಕಡಾ ಕಡಿಮೆ. ಮಂಜೂರಾಗುವಾಗ ಎರಡು ವರ್ಷ ದಾಟಿದ್ದರೆ ಬಾಕಿ ಕಟ್ಟಲು 3 ತಿಂಗಳ ಗಡುವು. ಪೇಟೆಂಟನ್ನು ಬಳಸುತ್ತಿದ್ದೇವೆ ಅಂತ ಫಾರ್ಮ್ 27ರಲ್ಲಿ ಮೂರು ವರ್ಷಕ್ಕೊಮ್ಮೆ ತಿಳಿಸಬೇಕು. ಮಂಜೂರಾತಿ ಪ್ರಕಟವಾದ ಮೇಲೆ ಒಂದು ವರ್ಷ ಅದರಲ್ಲಿ ಹಿತಾಸಕ್ತಿ ಇರುವವರು ವಿರೋಧ ಸಲ್ಲಿಸಬಹುದು, ಹಾಗಾಗಿ ನೋಟ್‌ಬುಕ್ಕು, ಹಳೆ ಬಳೆಗಳು, ಪಣೆಯವರ ಕಾಗದ ಎಲ್ಲವನ್ನೂ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟಿದ್ದೇವೆ.

ಈಗ ಉಪ್ಪಳದ ಕಡೆಯ ಒಬ್ಬರು ಈ ಬಳೆಯನ್ನು ಮಾಡಿ ಮಾರಲು ಅನುಮತಿ ಕೇಳಿದ್ದಾರೆ. ಲೈಸೆನ್ಸ್ ಬಾಯಿಮಾತಿನಲ್ಲಿ ನಡೆಯುವುದಿಲ್ಲ, ಬರಹದಲ್ಲೇ ಇರಬೇಕು, ಪೇಟೆಂಟ್ ಕಚೇರಿಯ ರಿಜಿಸ್ಟರಿನಲ್ಲೂ ಫಾರ್ಮ್ 16 ಕೊಟ್ಟು ದಾಖಲಿಸಬೇಕು. ಪೇಟೆಂಟ್ ಇಬ್ಬರ ಹೆಸರಿನಲ್ಲಿದ್ದರೆ ಒಬ್ಬರೇ ಲೈಸೆನ್ಸ್ ಕೊಡುವಂತಿಲ್ಲ, ಇನ್ನೊಬ್ಬರ ಒಪ್ಪಿಗೆ ಬೇಕು. ಮಾವನೂ ನಾನೂ ಸೇರಿ ಕರಡು ಓದುತ್ತಿದ್ದೇವೆ. ಅದಕ್ಕೆ ಸಹಿ ಬಿದ್ದ ಮೇಲೆ ಲೈಸೆನ್ಸಿನ ಅನುಭವವನ್ನೂ ಬರೆಯುತ್ತೇನೆ.